ಫ್ಯಾನ್ ನೋಡುತ್ತ ಕೊಂಡ ಇಂಗ್ಲಿಷ್ ಹೊಟ್ಟೆ

ಎರಡು ಸಾವಿರದ ಇನ್ನೂರು ರೂಪಾಯಿ! ಅಂಗಡಿಯವ ಹೇಳಿದ್ದು ಆರು ಸಾವಿರ. ನಾಸಿಕದ ನಮ್ಮ ಮನೆಯ ನಡುಮನೆ ಗೋಡೆಯಲ್ಲಿ ತೇವದ ಕಲೆಯೊಂದಿತ್ತು. ಭಾನುವಾರ ಮಗಳನ್ನು ನೋಡಲು ವೈಜಾಪುರದಲ್ಲಿ ನೆಲೆಸಿದ ನಮ್ಮ ಕಡೆಯವರೇ ಬರುವವರಿದ್ದರು. ಬಣ್ಣ ಹೊಡೆಸಿದರೆ ಇನ್ನೂ ದುಬಾರಿ. ಆದ್ದರಿಂದ ಕಲೆ ಮುಚ್ಚಲು ಸಂಭಾಜಿನಗರದ ಹಳೇ ಸಾಮಾನಿನ ಅಂಗಡಿಯಲ್ಲಿ ದೊಡ್ಡ ಚಿತ್ರಪಟವೊಂದನ್ನು ಕೊಂಡೆ. ಇನ್ನೂರು ವರ್ಷದ ಬ್ರಿಟಿಷ್ ಮಾಲಂತೆ!

ಭಾಲ್ಕಿಯಿಂದ ಬರಿಗೈಲಿ ಬಂದು, ಸಿನ್ನರ್ ಕಾರ್ಖಾನೆಗಳಿಗೆ ನಟ್ಟು-ಬೋಲ್ಟು ಮಾರಿ ಮನೆ ಕಟ್ಟಿದವನು ನಾನು. ನನ್ನದೊಂದು ಶಾಸನವಿದೆ: ಬೇಕಾದ ಮಾಲಿನ ಕಡೆ ಕಣ್ಣು ಹಾಯಿಸಕೂಡದು, ಹಾಯಿಸಿದರೆ ದರ ಏರುತ್ತದೆ. ಅರ್ಧ ಗಂಟೆ ಅಂಗಡಿಯ ಫ್ಯಾನನ್ನೇ ದಿಟ್ಟಿಸುತ್ತ ಚೌಕಾಶಿ ಮಾಡಿದೆ. ಗೆದ್ದೆ. ಚಿತ್ರವನ್ನು ಮಾತ್ರ ನೋಡಲೇ ಇಲ್ಲ!

ಭಾನುವಾರ ಮೊಳೆ ಹೊಡೆದು ತೂಗುಹಾಕುವಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು.

"ಏನ್ರೀ ಇದು? ಇಷ್ಟ ದೊಡ್ಡ ಹೊಟ್ಟಿ!" ಎಂದಳು ಹೆಂಡತಿ.

"ರಾಜ ಇರಬೇಕು. ಸುಮ್ನಿರು."

ಚಿತ್ರದಲ್ಲಿ ದಢೂತಿ ಇಂಗ್ಲಿಷ್ ದೊರೆಯೊಬ್ಬ ಮುಕ್ಕುತ್ತ ಕೂತಿದ್ದ. ಅವನ ಅಂಗಿಯ ಗುಂಡಿ ಸಿಡಿದು ಸೇವಕನ ಮೂಗಿಗೆ ಬಡಿದಿತ್ತು. ಅಷ್ಟರಲ್ಲಿ ಹುಡುಗನನ್ನು ಕರೆದುಕೊಂಡು ಅವನ ತಂದೆ ಒಳಗೆ ಬಂದರು. ಮೊದಲು ಹೊಟ್ಟೆ ಬಂತು, ಆಮೇಲೆ ಅವರು!

"ಯಾರ್ರಿ ಇವರು?" ಎಂದರು ಚಿತ್ರ ನೋಡಿ.

"ಇಂಗ್ಲೆಂಡಿನ ಘನವೆತ್ತ ಮಹಾಪ್ರಭುಗಳು" ಎಂದೆ.

ಚಹಾ ತಂದ ಮಗಳು ಚಿತ್ರದ ಕೆಳಗಿನ ಇಂಗ್ಲಿಷ್ ಬರಹವನ್ನು ಬಗ್ಗಿ ಓದಿದಳು. "ಪಪ್ಪಾ, ಇದು ವ್ಯಂಗ್ಯಚಿತ್ರ ಅದ. ಹೊಟ್ಟಿಬಾಕ ಅಂತ ಅವರ ಮಂದೀನೇ ಚೇಷ್ಟಾ ಮಾಡ್ಯಾರ!"

ಎಲ್ಲರ ಕಣ್ಣೂ ಆ ಹೊಟ್ಟೆಯಿಂದ ಈ ಹೊಟ್ಟೆಗೆ ಪ್ರಯಾಣ ಬೆಳೆಸಿದವು. ಹುಡುಗ ಕುಡಿದ ಚಹಾ ಮೂಗಿನಿಂದ ಹೊರಬಂತು. ನಾನು ಹಾರಿ ಹೋಗಿ ಚಿತ್ರ ಇಳಿಸಿದೆ. ಹಿಂದೆ ತೇವದ ಕಲೆ ಪಳಪಳ!

"ಗ್ವಾಡಿ ಸೋರ್ತದೇನ್ರಿ?" ಎಂದರು ಹುಡುಗನ ತಂದೆ.

ಸಂಬಂಧ ಕೈತಪ್ಪಿತು ಎಂದುಕೊಂಡೆ. ಹೆಂಡತಿಯ ನೋಟದಲ್ಲಿ ನನ್ನ ಮುಂದಿನ ಹತ್ತು ವರ್ಷಗಳು ಕಂಡವು. ಆದರೆ ಹುಡುಗನೂ ಮಗಳೂ ಒಬ್ಬರನ್ನೊಬ್ಬರು ನೋಡಿ ನಗುತ್ತಲೇ ಇದ್ದರು. ಅವನ ತಂದೆ ಮೇಲೆ ನೋಡುತ್ತ, "ಹುಡುಗ್ರು ಒಪ್ಪಿದಂಗ ಕಾಣ್ತದ, ನಮ್ಮದೂ ಹೂಂ. ಆದ್ರ ಈ ಕಚರಾ ಮನ್ಯಾಗ ಯಾಕ್ರಿ ಬೀಗರ? ಕಾರಿನ್ಯಾಗ ಹಾಕ್ರಿ, ನಾನೇ ಎಲ್ಯಾರ ಒಗೀತೀನಿ" ಎಂದರು. ನಾನೇ ಹೊಸ ಚಾದರದಲ್ಲಿ ಸುತ್ತಿ, ಹೊತ್ತು, ಕಾರಿಗಿಟ್ಟು ಕೈಮುಗಿದೆ.

ಕಾರು ತಿರುವಿನಲ್ಲಿ ಮರೆಯಾಯಿತು. ಹೆಂಡತಿ ಮೆಲ್ಲಗೆ ಕೇಳಿದಳು: "ಕಚರಾ ಅಂತ ಅನ್ನೋವಾಗ ಬೀಗರು ಏನ್ ನೋಡ್ಲಿಕತ್ತಿದ್ರು, ಲಕ್ಷ್ಯ ಕೊಟ್ರೇನು?"

ಫ್ಯಾನು!

ಆದ್ದರಿಂದ ಓದುಗರೇ, ಮಾಲನ್ನು ಕಣ್ಣಾರೆ ಕಂಡು ಕೊಳ್ಳಿ. ಗೋಡೆಗೆ ಬಣ್ಣವನ್ನೇ ಹೊಡೆಸಿ. ಮದುವೆಯ ಮಾತುಕತೆಗೆ ಬೀಗರು ಬರುವ ಮುನ್ನ ನಡುಮನೆಯ ಫ್ಯಾನ್ ಬಿಚ್ಚಿಡಿ. ನಾನು ಬಿಚ್ಚಿಟ್ಟು, ಬೆವರುತ್ತ ಕೂತಿದ್ದೇನೆ.