ಹೀರೋ ತಿರುಗಿ ಹೊಡೆಯಲಿಲ್ಲ

ಮನುಷ್ಯನಿಗೆ ಒಂದಾದರೂ ಚಟ ಇರಬೇಕು. ನನ್ನದು ಸೀಟಿ ಹೊಡೆಯುವುದು. ಐವತ್ತು ದಾಟಿದ ಕನ್ನಡ ಮಾಸ್ತರ ಥಿಯೇಟರಿನಲ್ಲಿ ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆಯುವುದು ಶೋಭೆಯಲ್ಲ ಎಂದು ನನ್ನ ಹೆಂಡತಿ ಹೇಳುತ್ತಲೇ ಬಂದಿದ್ದಾಳೆ. ಖರೆ. ಆದರೆ ನಮ್ಮ ಹೀರೋ ಒಂದೇ ಗುದ್ದಿಗೆ ಹನ್ನೆರಡು ಮಂದಿಯನ್ನು ಹಾರಿಸುವಾಗ ಶೋಭೆ ಯಾರಿಗೆ ನೆನಪಿರುತ್ತದೆ? ಈ ಚಟದಲ್ಲಿ ನನಗೆ ಜೊತೆಗಾರ ಬೆಟಗೇರಿಯ ದರ್ಜಿ ಮಕ್ತುಮಸಾಬ. ಹೀರೋನ ಯಾವ ಸಿನಿಮಾ ಗದಗಿಗೆ ಬಂದರೂ ಮೊದಲ ದಿನದ ಮೊದಲ ಆಟಕ್ಕೆ ಇಬ್ಬರೂ ಹಾಜರು. ಹೀರೋನ ಎಂಟ್ರಿಗೆ ಉಳಿದವರು ಕಾಗದದ ಚೂರು ತೂರಿದರೆ ನಾವು ತೂರುವುದು ಬಟ್ಟೆಯ ಚೂರು. ಕತ್ತರಿಸಿ ಉಳಿದದ್ದನ್ನು ಮಕ್ತುಮಸಾಬ ಬಣ್ಣ ನೋಡಿ ನೋಡಿ ಒಂದು ಚೀಲದಲ್ಲಿ ಕೂಡಿಟ್ಟಿರುತ್ತಾನೆ.

ಈ ಸಲದ್ದು ರಾಜಕೀಯದ ಸಿನಿಮಾ, ಹೀರೋ ಗಂಭೀರ ಪಾತ್ರ ಮಾಡಿದ್ದಾನೆ ಎಂದು ಪೋಸ್ಟರಿನಲ್ಲೇ ಇತ್ತು. ನಾವು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಚೀಲ ತೊಡೆಯ ಮೇಲಿಟ್ಟುಕೊಂಡು ಎಂಟ್ರಿಗೆ ಕಾದೆವು. ಪರದೆಯ ಮೇಲೆ ಮಂತ್ರಿಯ ಕೋಣೆಯ ಹೊರಗೆ ಒಬ್ಬ ನರೆಗಡ್ಡದ ಅಧಿಕಾರಿ ಫೈಲು ಹಿಡಿದು ಕೂತಿದ್ದ. ಕೂತೇ ಇದ್ದ. ಮಕ್ತುಮಸಾಬ ನನ್ನನ್ನು ತಿವಿದ: “ಮಾಸ್ತರ, ಅಂವಾ ನಮ್ಮ ಹೀರೋ ಅದಾನ್ರಿ! ಎಂಟ್ರಿ ಆಗಿ ಹೋಗೇತಿ!” ಗಡಬಡಿಸಿ ಚೀಲ ಬಿಚ್ಚುವಷ್ಟರಲ್ಲಿ ಹೀರೋ ಯಾರದೋ ಹೆಣದ ಮುಂದೆ ನಿಂತಿದ್ದ. ಅಲ್ಲಿ ತೂರುವುದು ಹೇಗೆ?

ಮಧ್ಯಂತರವಾದ ಮೇಲೆ ಮಂತ್ರಿ ಎಲ್ಲರೆದುರು ಅವನ ಮುಖಕ್ಕೆ ಫೈಲು ಎಸೆದ. ಇನ್ನೇನು ಹೊಡೆದೇಬಿಟ್ಟ ಎಂದು ನನ್ನ ಬೆರಳು ಬಾಯಿಗೆ ಹೋಯಿತು. ಹೀರೋ ಸುಮ್ಮನೆ ಬಗ್ಗಿ ಹಾಳೆ ಆರಿಸತೊಡಗಿದ. ಮಕ್ತುಮಸಾಬ ಎದ್ದು ಹೊರಗೆ ಹೋಗಿಬಿಟ್ಟ. ಆಟ ಮುಗಿದ ಮೇಲೆ, ಹೊರಗೆ ಕಾಯುತ್ತ ನಿಂತಿದ್ದ ಅವನಿಗೆ ನಾನು ದೊಡ್ಡ ವಿಮರ್ಶಕನಂತೆ ಪಾಠ ಹೇಳಿದೆ: “ಅಭಿನಯ ಅಂದ್ರ ಇದೋ! ಬರೇ ಹೊಡದಾಟ ನೋಡಿ ನಿನ್ನ ರುಚಿ ಕೆಟ್ಟೈತಿ.” ಅವನು ಗಾಡಿ ಹತ್ತಿ ಹೋದ. ಮರುದಿನದಿಂದ ನಾನು ಅಂಗಡಿ ಮುಂದೆ ಹಾದರೂ “ಬರ್ರಿ, ಚಾ ಕುಡಿಯೋಣು” ಎಂಬ ಮಾತಿಲ್ಲ. ತಗ್ಗಿಸಿದ ತಲೆ ಎತ್ತುವುದಿಲ್ಲ. ಇಪ್ಪತ್ತೈದು ವರ್ಷದ ಗೆಳೆತನ, ಒಂದು ಸಿನಿಮಾಕ್ಕೆ ಹೋಯಿತಲ್ಲ ಎಂದು ನನಗೆ ಊಟ ರುಚಿಸದಾಯಿತು.

ಎಂಟನೆಯ ದಿನ ನಾನೇ ಅಂಗಡಿ ಹೊಕ್ಕೆ. “ತಪ್ಪಾತು ಮಾರಾಯ. ಸಿಟ್ಟು ಬಿಡು.”

ಅವನು ಮಷೀನು ನಿಲ್ಲಿಸಿದ. “ಸಿಟ್ಟಲ್ರಿ ಮಾಸ್ತರ. ಹೋದ ವರ್ಷ ಹುಡುಗರ ಅಳತಿ ತಗೊಳ್ಳಾಕ ನಿಮ್ಮ ಸಾಲಿಗೆ ಬಂದಿದ್ದೆ. ಹೆಡ್‌ಮಾಸ್ತರು ಎಲ್ಲಾರ ಮುಂದ ನಿಮ್ಮ ಕಡೆ ಹಾಜರಿ ಪುಸ್ತಕ ಒಗದ್ರು. ನೀವೂ ಹಂಗ ಬಗ್ಗಿ ತಗೊಂಡ್ರಿ. ನಿಮಗ ಕಾಣಬಾರದು ಅಂತ ನಾ ಕಂಬದ ಮರೆಗೆ ನಿಂತೆ. ಮೊನ್ನೆ ಪರದೆ ಮ್ಯಾಲ ನಿಮ್ಮನ್ನ ನೋಡಿದಂಗಾತು. ತಡಕೊಳ್ಳಾಕ ಆಗಲಿಲ್ರಿ.”

ಆ ಅಭಿನಯವನ್ನು ನಾನು ಅಷ್ಟೊಂದು ಯಾಕೆ ಹೊಗಳಿದೆ ಎಂಬುದು ಆಗ ತಿಳಿಯಿತು. ಹೀರೋನ ಹಾಗೆ ಕಾಣುತ್ತೀರಿ ಎಂದು ಒಬ್ಬರಾದರೂ ಅನ್ನಲಿ ಎಂದು ಕಾಲೇಜಿನ ದಿನದಿಂದ ಕನ್ನಡಿ ನೋಡುತ್ತ ಬಂದವನು ನಾನು. ಕೊನೆಗೂ ಒಬ್ಬ ಅಂದ. ಅದಕ್ಕೆ ಹೀರೋ ನನ್ನ ಮಟ್ಟಕ್ಕೆ ಇಳಿಯಬೇಕಾಯಿತು, ಅಷ್ಟೆ.