ಗೆರೆಯ ಮೇಲೆ ಗುದ್ದಿದ ಓಟು

ಕಾಫಿ ಆರುವ ಮೊದಲೇ ಹನುಮಯ್ಯ ತನ್ನ ಒಂದೇ ಓಟನ್ನು ಹಾಕುವುದಾಗಿ ಇಬ್ಬರಿಗೆ ಮಾತು ಕೊಟ್ಟಾಗಿತ್ತು. ಒಬ್ಬ, ಹೆಂಡತಿ ಅಶ್ವತ್ಥಮ್ಮನ ಅಣ್ಣ ಚಿಕ್ಕಬೈರಪ್ಪ, ಕೊಡೆ ಗುರುತು. ಇನ್ನೊಬ್ಬ, ಹನುಮಯ್ಯನನ್ನು ದೊಡ್ಡನೆಕ್ಕುಂದಿಯ ಕಾರ್ಖಾನೆಗೆ ಸೇರಿಸಿದ್ದ ಲೇಬರ್ ಕಂಟ್ರಾಕ್ಟರ್ ನರಸಪ್ಪ; ಏಣಿ ಗುರುತು.

“ಅಣ್ಣಂಗೆ ಆಕ್ದೆ ಇದ್ರೆ ನಾನು ತೌರಿಗೆ ಓದೋಳು ತಿರುಗಿ ಬರಾಕಿಲ್ಲ,” ಎಂದಿದ್ದಳು ಹೆಂಡತಿ.

“ಏಣಿಗೆ ಬೀಳ್ದಿದ್ರೆ ನಾಳೆ ಗೇಟ್ ಹತ್ರ ಮುಖ ತೋರಿಸ್ಬೇಡ,” ಎಂದಿದ್ದ ನರಸಪ್ಪ.

ಹನುಮಯ್ಯನ ಮೈ ಉರಿಯಿತು. ಈ ಎಂಬತ್ತೇಳನೇ ಇಸವಿಯ ಮಂಡಲ ಪಂಚಾಯಿತಿಗೆ ಇವರು ಮೆಂಬರಾಗುವುದಕ್ಕೆ ನನ್ನ ಅನ್ನಕ್ಕೂ ಸಂಸಾರಕ್ಕೂ ಯಾಕೆ ಕೈ ಹಾಕಬೇಕು? ಮತಗಟ್ಟೆಯ ಗೋಣಿ ಮರೆಗೆ ಹೋದವನೇ ಕೊಡೆಗೂ ಏಣಿಗೂ ನಡುವಿನ ಗೆರೆಯ ಮೇಲೆ, ಜಿರಲೆ ಹೊಡೆದಂತೆ, ಮುದ್ರೆ ಗುದ್ದಿದ. ಹೊರಗೆ ಬಂದು ಇಬ್ಬರಿಗೂ ಬೇರೆ ಬೇರೆಯಾಗಿ “ನಿಮ್ಗೇ” ಎಂದ.

ಸಂಜೆ ಅಲ್ಲೇ ಎಣಿಕೆ. ಇಬ್ಬರಿಗೂ ಸರಿಸಮ. “ಉಳಿದ ಒಂದು, ಕುಲಗೆಟ್ಟ ಮತದ ಹಾಗೆ ಕಾಣುತ್ತೆ. ಪರಿಶೀಲಿಸಿ ಹೇಳ್ತೀವಿ,” ಎಂದು ಅಧಿಕಾರಿ ಬಾಗಿಲು ಹಾಕಿಕೊಂಡರು.

“ಕುಲಗೆಟ್ಟ ಅಂದ್ರೇನ್ ಮೇಷ್ಟ್ರೇ?” ಗುಂಪಿನಲ್ಲಿ ಯಾರೋ ಕೇಳಿದರು.

ಶ್ಯಾಮಣ್ಣ ಮೇಷ್ಟ್ರು ಕನ್ನಡಕ ಏರಿಸಿದರು. “ಮುದ್ರೆ ತಪ್ಪಾಗಿ ಬಿದ್ದು ಲೆಕ್ಕಕ್ಕೆ ಬಾರದ ಓಟು. ಜಾತಿಯಿಂದ ಹೊರಗೆ ಹಾಕಿದೋರನ್ನ ಕುಲಗೆಟ್ಟೋರು ಅಂತ ಬಯ್ತಿರ್ಲಿಲ್ವಾ? ಆ ಬೈಗುಳಾನೇ ಓಟಿಗೂ ಅಂಟ್ಕೊಂಡಿರ್ಬೇಕು. ಯಾರ ಪಂಕ್ತಿಗೂ ಸೇರದ್ದು.”

“ಅಂಗಾದ್ರೆ ಕೇರಿಯೋರ್ದೇ!” ಎಂದ ನರಸಪ್ಪ. “ಈ ಮುದುಕಿ ಮಾರಕ್ಕಂಗೆ ಮುದ್ರೆ ಹಿಡಿಯಾಕೇ ಬರಾಕಿಲ್ಲ.” ಚಿಕ್ಕಬೈರಪ್ಪ ಹೌದೆಂದು ತಲೆಯಾಡಿಸಿದ. ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಮಾರಕ್ಕ ಸೆರಗು ಬಿಗಿದಳು. “ಏನಂದೆ? ನಿನ್ ಕಾರ್ಖಾನೆ ಗೋಡೆಗೆ ಗಾರೆ ಹೊತ್ತ ಕೈ ಇದು! ಚಿತ್ರದ್ ನಡುನೆತ್ತಿಗೇ ಗುದ್ದಿವ್ನಿ, ಓಗಿ ನೋಡ್ಕೋ!”

“ಇವ್ರನ್ನ ಬೂತ್ ಒಳಕ್ಕೇ ಬಿಡಬಾರ್ದು!” ಎಂದು ಒಬ್ಬ ಮುದುಕಿಯ ಹೆಗಲಿಗೆ ಕೈ ಹಾಕಿ ತಳ್ಳಿದ. ಹನುಮಯ್ಯನ ತಲೆ ಕುಕ್ಕರಿನಂತೆ ಸೀಟಿ ಹಾಕಿತು.

“ಬಿಡ್ರೋ ಅವಳ್ನ! ಆ ಓಟು ನಂದು! ಇಬ್ರಿಗೂ ಸಿಗ್ಬಾರ್ದು ಅಂತ ಬೇಕಂತ್ಲೇ ಗೆರೆ ಮೇಲೆ ಗುದ್ದಿವ್ನಿ!”

ಅಷ್ಟರಲ್ಲಿ ಅಧಿಕಾರಿ ಬಾಗಿಲು ತೆರೆದರು.

“ಮುದ್ರೆಯ ಹೆಚ್ಚು ಭಾಗ ಕೊಡೆಯ ಕಡೆಗಿದೆ. ಮತ ಸಿಂಧು. ಚಿಕ್ಕಬೈರಪ್ಪನವರು ಒಂದು ಮತದಿಂದ ಗೆದ್ದಿದ್ದಾರೆ.”

ಹನುಮಯ್ಯನಿಗೆ ಅರ್ಧ ಜೀವ ಬಂತು. ಕೆಲಸ ಹೋದರೂ ಹೆಂಡತಿ ಉಳಿದಳು! “ಭಾವ, ನಾನೇ ಗೆಲ್ಲಿಸ್ದಂಗಾಯ್ತು,” ಎಂದು ಹಲ್ಲು ಕಿರಿದ.

“ಗೆಲ್ಸಿದ್ದು ಗೆರೆ ಕಣೋ, ನೀನಲ್ಲ,” ಎಂದ ಚಿಕ್ಕಬೈರಪ್ಪ. ನರಸಪ್ಪನ ಹೆಗಲ ಮೇಲೆ ಕೈ ಹಾಕಿದ. “ಇಂಥ ಎರಡು ನಾಲಗೆಯೋನ್ನ ನಂಬ್ಕೊಂಡು ನಾವಿಬ್ರೂ ಒಡೆದಾಡಿದ್ವಲ್ಲ ನರಸಪ್ಪ!”

“ಗೆದ್ದೇ ಗೆಲ್ತೀನಿ ಅಂತ ಮರಿ ಕುಯ್ಸಿದ್ದೆ. ನಡಿ, ಉಣ್ಣಾನ. ಇವ್ನು ಮಾತ್ರ ನಾಳೆ ಗೇಟ್ ಹತ್ರ ಬರ್ಲಿ, ನೋಡ್ಕತೀನಿ!” ಎಂದ ನರಸಪ್ಪ.

ಇಬ್ಬರೂ ಒಂದೇ ಜೀಪು ಹತ್ತಿದರು. ಗುಂಪಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಶ್ವತ್ಥಮ್ಮ ಹಿಂದಿನ ಸೀಟು ಹಿಡಿದಳು.

“ನಾನೂ ಬತ್ತೀನಿ ಕಣೇ!” ಹನುಮಯ್ಯ ಜೀಪಿನ ಹಿಂದೆ ಓಡಿದ.

“ಜಾಗ ಇಲ್ಲ,” ಎಂದಳು ಅವಳು, ಖಾಲಿ ಸೀಟಿನ ಉದ್ದಕ್ಕೂ ಕಾಲು ಚಾಚಿ.