ಗುರುಶಾಂತವ್ವನ ತೂಕ

ಗುರುಶಾಂತವ್ವನ ಗ್ರಹಚಾರ ಕೆಟ್ಟದ್ದು ಒಂದು ಗುಂಡಿಯಿಂದ. ಸಿರ್ಸಿಯ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಸೇರಿದ ಮೇಲೆ ಅವಳು ಚೆನ್ನಾಗಿಯೇ ಉಬ್ಬಿದ್ದಳು. ಶನಿವಾರ ಬೆಳಿಗ್ಗೆ ಹಾಸಿಗೆ ಕೊಡವಲು ಬಗ್ಗಿದ್ದೇ ತಡ, ಬಿಳಿ ಅಂಗಿಯ ಗುಂಡಿ ಕಿತ್ತು ಹಾರಿ ಮೇಟ್ರನ್‌ಬಾಯಿಯ ಚಹಾದ ಕಪ್ಪಿಗೆ ಬಿತ್ತು.

“ಸಂಜೆ ತಿಂಗಳ ತೂಕ ಉಂಟು. ಮುಳ್ಳು ಮತ್ತೆ ಮೇಲೆ ಹೋದರೆ ಟ್ರಂಕು ತಗೊಂಡು ಬನವಾಸಿ ಬಸ್ಸು ಹತ್ತು!” ಎಂದರು ಮೇಟ್ರನ್‌ಬಾಯಿ.

ಬನವಾಸಿಯಲ್ಲಿ ಅವಳ ಸೋದರಮಾವ ಮಡಿವಾಳಪ್ಪ ಎರಡನೆಯ ಸಂಬಂಧಕ್ಕೆ ಬಾಸಿಂಗ ಹಿಡಿದು ಕೂತಿದ್ದ. ಅವನಿಂದ ತಪ್ಪಿಸಿಕೊಳ್ಳಲೆಂದೇ ಅವಳು ಇಲ್ಲಿಗೆ ಬಂದದ್ದು.

ಹಾಸ್ಟೆಲಿನ ಉಳಿದವರೇನೂ ಬಳುಕುವ ಬಳ್ಳಿಗಳಲ್ಲ. ಪಾಠದಲ್ಲಿ ಪಥ್ಯ ಬರೆದುಕೊಳ್ಳುವುದು, ರೋಗಿಗೆ ಗಂಜಿ ಕುಡಿಸುವುದು, ಪಾಳಿ ಮುಗಿದೊಡನೆ ತಾವು ಮಿರ್ಚಿ ಭಜಿ ತಿಂದು ಮಲಗುವುದು, ಇದೇ ಅವರ ದಿನಚರಿ. ಆದರೆ ಪರರ ಮೈ ಇಳಿಸಲು ಎಲ್ಲರೂ ಪಂಡಿತೆಯರೇ.

“ಇವತ್ತ ಒಂದ ಅಗಳೂ ಮುಟ್ಟಬ್ಯಾಡ,” ಎಂದ ಗೆಳತಿ ಮುರಿಗೆವ್ವ ಅವಳ ತಾಟನ್ನು ತನ್ನತ್ತ ಎಳೆದುಕೊಂಡಳು. “ಅನ್ನಾ ಚೆಲ್ಲಿದ್ರ ಪಾಪ.”

ಯಲ್ಲಾಪುರದ ಲಾರಿ ಮಾಲೀಕರ ಮಗಳು ಬದ್ರುನ್ನಿಸಾ ಔಡಲೆಣ್ಣೆ ತಂದಳು. “ಕಣ್ಮುಚ್ಚಿ ಕುಡಿ. ಒಳಗಿಂದೆಲ್ಲಾ ಸಾಫ್!”

ಸಾಫ್ ಆಯಿತು. ಮಧ್ಯಾಹ್ನ ವಾರ್ಡಿನಲ್ಲಿ ಸಾವಿತ್ರವ್ವ ಎಂಬ ಮುದುಕಿ, “ನರ್ಸಬಾಯಿ, ನನ್ನ ಒಂದಕ್ಕೆ ಕರಕೊಂಡ ಹೋಗ್ರಿ,” ಎಂದರೆ, “ತಡೀರಿ ಯವ್ವಾ, ಮೊದಲ ನನ್ನ ಸರದಿ!” ಎಂದು ಓಡಿದಳು ಗುರುಶಾಂತವ್ವ.

ತಿರುಗಿ ಬರುವಷ್ಟರಲ್ಲಿ ಊರಿನಿಂದ ಅವ್ವ ಕಳಿಸಿದ ಶೇಂಗಾ ಉಂಡಿಯ ಡಬ್ಬಿ ಬಂದಿತ್ತು. ಕಣ್ಣಿಗೆ ಬಿದ್ದರೆ ಆಸೆಯಾದೀತೆಂದು ಗೆಳತಿಯರು ಅದನ್ನು ತಮ್ಮ ಹೊಟ್ಟೆಯಲ್ಲಿ ಬಚ್ಚಿಟ್ಟರು.

ಸಂಜೆ ತೂಕದ ಮುಳ್ಳು ಹೋದ ತಿಂಗಳಿಗಿಂತ ಕೆಳಗೆ ನಿಂತಿತು. ಗುರುಶಾಂತವ್ವ ಗೆದ್ದೆನೆಂದು ಕಣ್ಣು ಒರೆಸಿಕೊಂಡಳು. ಡಾಕ್ಟರರು ಮಾತ್ರ ಅವಳ ಗುಳಿಬಿದ್ದ ಕಣ್ಣು ನೋಡಿ ಹೌಹಾರಿದರು.

“ನಿಮ್ಮ ತೂಕ ಯಾಕೆ ನೋಡ್ತೀವಿ ಅಂದುಕೊಂಡೆ? ವಾರ್ಡಿನ ಕ್ಷಯ ನಿಮಗೆ ತಗಲಿದರೆ ಮೊದಲು ಇಳಿಯೋದೇ ತೂಕ!”

“ಔಡಲೆಣ್ಣಿ ಕುಡದಿದ್ನಿರಿ ಸಾಹೇಬ್ರ!”

“ಎಲ್ಲರೂ ಒಂದೊಂದು ನೆಪ ಹೇಳ್ತಾರೆ. ಇವತ್ತೇ ಊರಿಗೆ ಹೋಗು. ಹಾಲು, ತುಪ್ಪ, ವಿಶ್ರಾಂತಿ. ಮೈ ತುಂಬಿಕೊಂಡ ಮೇಲೆ ಬಾ.” ಉಂಡಿ ತುಂಬಿಕೊಂಡು ತೂಕ ಏರಿಸಿದ್ದ ಗೆಳತಿಯರಿಗೆ, “ಭೇಷ್! ಆರೋಗ್ಯ ಅಂದರೆ ಹೀಗಿರಬೇಕು,” ಎಂಬ ಶಹಬ್ಬಾಸ್‌ಗಿರಿ ಸಿಕ್ಕಿತು.

ಬಸ್ ನಿಲ್ದಾಣದಲ್ಲಿ ಮಡಿವಾಳಪ್ಪ ನಿಂತಿದ್ದ. ಉಂಡಿಯ ಡಬ್ಬಿ ತಂದವನು ಅವನೇ. ಅವಳಿಗೆ ಕೊನೆಯದೊಂದು ಆಸೆ ಚಿಗುರಿತು.

“ಮಾವಾ, ನನಗ ಕ್ಷಯ ಅಂತ,” ಎಂದಳು.

ಮಡಿವಾಳಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗಹಗಹಿಸಿದ. “ಈ ಮೈಗೆ ಕ್ಷಯ? ಆ ಡಾಕ್ಟರಗ ಕಣ್ಣಿಲ್ಲ! ಹೊಟ್ಟಿ ಹಸದೈತಿ ನಿನಗ.”

ಇಡೀ ಸಿರ್ಸಿಯಲ್ಲಿ ಅಂದು ಅವಳ ರೋಗವನ್ನು ಸರಿಯಾಗಿ ಗುರುತಿಸಿದವನು ಅವನೊಬ್ಬನೇ. ಜೇಬಿನಿಂದ ಒಂದು ಉಂಡಿ ತೆಗೆದು ಮುಂದೆ ಹಿಡಿದ. ಹಸಿವಿಗೆಲ್ಲಿಯ ನಾಚಿಕೆ? ಗುರುಶಾಂತವ್ವ ಕೈ ಚಾಚಿದಳು.

“ಮುಂದಿನ ಸೋಮವಾರ ಅಕ್ಕಿಕಾಳು ಹಾಕಿ ಲಗ್ನಾ ಮುಗಿಸೋಣಂತ,” ಎಂದು ಮಾವ ಟ್ರಂಕನ್ನು ಬಸ್ಸಿನ ಮೇಲೇರಿಸಿದ.